ಕಾದಂಬರಿಯ ಕಾವೇರಿ, ಮನೆಯ ಹೆಂಡತಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರ್ದು ಅಂತ ವಯಸ್ಸು, ಕೆಲಸ, ಊರು ಎಲ್ಲಾ ಬದಲಾಯಿಸಿದೀನಿ, ಇಬ್ರ ಒಪ್ಪಿಗೆ ತಗೊಂಡೇ ಬರೀತಿರೋದು.)

ಬಂದಿದ್ದು ಗಂಡ ಹೆಂಡ್ತಿ ಇಬ್ರೂ, ಮಾತಾಡಿದ್ದು ಮಾತ್ರ ಗಂಡ. ಎರಡನೇ ಹೆರಿಗೆಯಾಗಿ ವಾರಕ್ಕೆಲ್ಲ ಹೆಂಡ್ತಿಗೆ ನಿದ್ದೇನೇ ಬರದಂಗಾಯ್ತು, ಆಮೇಲೆ ಏನೇನೋ ಮಾತು, ಭಯ. ಮನೆಯಲ್ಲಿ ಹಿರಿಯರು ಬಾಣಂತಿ ಸನ್ನಿ ಅಂದ್ರು, ಡಾಕ್ಟರು ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಅಂದ್ರು. ಅಡ್ಮಿಟ್ ಮಾಡಿದ್ರು, ಮಾತ್ರೆ ಕೆಲಸ ಮಾಡ್ತು, ಈಗ ಒಂದೂವರೆ ವರ್ಷ ಆಯ್ತು, ಆರಾಮಾಗಿದಾರೆ. ಮತ್ತೆ ಸಮಸ್ಯೆ ಏನು ಅಂದ್ರೆ ಗಂಡ ಬ್ಯಾಗಿಂದ ಒಂದು ಹಳೇ ಪುಸ್ತಕ ತೆಗೆದು ಟೇಬಲ್ ಮೇಲಿಟ್ರು, ತ್ರಿವೇಣಿಯವರ ಕಾದಂಬರಿ 'ಶರಪಂಜರ', ಅವರಮ್ಮನ ಕಾಲದ ಪ್ರತಿ, ಕಂದು ಬೈಂಡು ಹಾಕಿದ್ದು, ಒಳಗೆಲ್ಲ ಪೆನ್ಸಿಲ್ ಗೆರೆ.

"ಇದ್ರಲ್ಲಿ ಕಾವೇರಿಗೂ ಹಿಂಗೇ ಆಯ್ತಲ್ವಾ ಮೇಡಂ, ಅದಕ್ಕೆ ಮದುವೆಗೆ ಮುಂಚಿನ ಒಂದು ವಿಷಯ ಕಾರಣ. ಇವಳ ಮನಸ್ಸಲ್ಲೂ ಏನೋ ಇದೆ, ಹೇಳ್ತಿಲ್ಲ."

ಹೆಂಡ್ತಿ ತಲೆ ಎತ್ತಲಿಲ್ಲ. ಆಮೇಲೆ ಒಬ್ರೇ ಇದ್ದಾಗ ಹೇಳಿದ್ರು, ಮಾತ್ರೆ ಸ್ಟ್ರಿಪ್ ಮೇಲೆ ಒಂದೊಂದು ಗುಳಿಗೂ ಇವ್ರು ಪೆನ್ನಲ್ಲಿ ತಾರೀಖು ಬರ್ದಿಟ್ಟಿದಾರಂತೆ. ಸಾರಿಗೆ ಉಪ್ಪು ಜಾಸ್ತಿ ಆದ್ರೆ "ಮಾತ್ರೆ ತಗೊಂಡ್ಯಾ?", ಫೋನಲ್ಲಿ ತಂಗಿ ಜೊತೆ ಜೋರಾಗಿ ನಕ್ಕರೆ ಅಡುಗೆಮನೆ ಬಾಗಿಲಿಗೆ ಬಂದು ನಿಂತು ಕಣ್ಣು ನೋಡ್ತಾರಂತೆ.

ಇಲ್ಲಿ ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ. ಕಥೆ ಬರಿಯೋರಿಗೆ ಮನುಷ್ಯರ ಮನಸ್ಸು ಗೊತ್ತಾ ಅಂದ್ರೆ ಗೊತ್ತು ಅಂತಾನೇ ನಾನು ಹೇಳೋದು, ತ್ರಿವೇಣಿ ಮೈಸೂರಲ್ಲಿ ಮನಃಶಾಸ್ತ್ರ ಓದಿದ್ದೋರು, 1963ರಲ್ಲೇ ತೀರಿಕೊಂಡ್ರು, ಆದ್ರೆ ವಾಸಿಯಾಗಿ ಮನೆಗೆ ಬಂದ ಹೆಂಗಸನ್ನ ಸುತ್ತಲಿನೋರು ಹೇಗೆ ನೋಡ್ತಾರೆ, ಆ ನೋಟವೇ ಅವಳನ್ನ ಹೇಗೆ ಮತ್ತೆ ಕೆಳಗೆ ತಳ್ಳುತ್ತೆ ಅನ್ನೋದನ್ನ ಅವರಷ್ಟು ಸರಿಯಾಗಿ ಬರ್ದಿರೋದನ್ನ ನನ್ನ ಪಠ್ಯಪುಸ್ತಕಗಳಲ್ಲೂ ನಾನು ಓದಿಲ್ಲ. ಆದ್ರೆ ಕಾವೇರಿಗೆ ಯಾಕೆ ಹಂಗಾಯ್ತು ಅನ್ನೋದು ಕಾವೇರಿ ಒಬ್ಬಳ ಕಥೆ. ಲೇಖಕಿ ಅವಳ ಮನಸ್ಸನ್ನ ತಾವೇ ಕಟ್ಟಿ ತಾವೇ ನಮಗೆ ತೆರೆದು ತೋರಿಸಿದ್ರು. ಜೀವಂತ ಇರೋ ಹೆಂಡ್ತಿಯ ಮನಸ್ಸಿಗೆ ಹಂಗೆ ಬಾಗಿಲಿಲ್ಲ, ಕೇಳಬೇಕು, ಅವರು ಹೇಳಿದಷ್ಟನ್ನ ನಂಬಬೇಕು.

ಗಂಡನಿಗೆ ಮೊದ್ಲು ಕಾಯಿಲೆ ವಿಷಯ ಬಿಡಿಸಿ ಹೇಳ್ದೆ. ಸಾವಿರ ಹೆರಿಗೆಗೆ ಒಂದೋ ಎರಡೋ ಜನಕ್ಕೆ ಬರುತ್ತೆ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ, ಹಾರ್ಮೋನು ಒಮ್ಮೆಗೇ ಇಳಿಯೋದು, ನಿದ್ದೆಗೆಡೋದು, ಕುಟುಂಬದಲ್ಲಿ ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ, ಒಮ್ಮೆ ವಿಪರೀತ ಕುಸಿಯೋ ಕಾಯಿಲೆ) ಇರೋದು, ಇಂಥವೆಲ್ಲ ಸೇರಿ ಆಗೋದು. ಗುಟ್ಟು ಹುಡುಕೋ ಅಗತ್ಯ ಇಲ್ಲ. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ರನ್ನೂ ಒಟ್ಟಿಗೆ ಇಟ್ಕೊಂಡು ನೋಡೋ ವಾರ್ಡೇ 2009ರಿಂದ ಇದೆ, ಅಷ್ಟು ಗೊತ್ತಿರೋ ಕಾಯಿಲೆ ಇದು ಅಂದೆ.

ಆಮೇಲೆ ಕೇಳ್ದೆ, "ಸರ್, ಪುಸ್ತಕ ಪೂರ್ತಿ ಓದಿದೀರಿ, ಕಾವೇರಿ ಕಡೆ ಗೆರೆ ಹಾಕಿದೀರಿ. ಅವಳ ಗಂಡ ಸತೀಶ ಬರೋ ಪುಟಗಳಲ್ಲಿ ಒಂದು ಗೆರೇನೂ ಇಲ್ವಲ್ಲ?"

ಅವರು ತುಂಬಾ ಹೊತ್ತು ಪುಟ ತಿರುಗಿಸ್ತಾ ಕೂತ್ರು. ಕೆಟ್ಟ ಮನುಷ್ಯ ಅಲ್ಲ ಅವರು, ಮತ್ತೆ ಹಂಗಾದ್ರೆ ಮಕ್ಕಳ ಗತಿ ಏನು ಅನ್ನೋ ಭಯ ಅಷ್ಟೇ, ಆ ಭಯಕ್ಕೆ ಒಂದು ಕಾರಣ ಬೇಕಿತ್ತು, ಪುಸ್ತಕದಲ್ಲಿ ರೆಡಿಯಾಗಿ ಸಿಕ್ತು.

ಕೊಟ್ಟ ಸಲಹೆ ಇಷ್ಟು. ಮಾತ್ರೆ ಸ್ಟ್ರಿಪ್ ಹೆಂಡ್ತಿ ಹತ್ರಾನೇ ಇರ್ಲಿ, ತಾರೀಖು ಬರಿಯೋದು ನಿಲ್ಲಿಸಿ. ಯಾವ ಲಕ್ಷಣ ಕಂಡ್ರೆ ಡಾಕ್ಟರಿಗೆ ಫೋನ್ ಮಾಡ್ಬೇಕು ಅನ್ನೋದನ್ನ ಹೆಂಡ್ತಿಯೇ ಬರೀಲಿ, ಅದನ್ನ ಬಿಟ್ಟು ನಗು, ಉಪ್ಪು, ಕೋಪ ಯಾವುದನ್ನೂ ಲಕ್ಷಣ ಅಂತ ಎಣಿಸಬೇಡಿ. ಮುಂದೆ ಇನ್ನೊಂದು ಮಗು ಬೇಕು ಅನ್ಸಿದ್ರೆ ಗರ್ಭ ನಿಲ್ಲೋ ಮುಂಚೇನೇ ಸೈಕಿಯಾಟ್ರಿಸ್ಟ್ ನೋಡಿ, ಮತ್ತೆ ಬರೋ ಸಾಧ್ಯತೆ ಇರುತ್ತೆ, ಮುಂಚೆ ಗೊತ್ತಿದ್ರೆ ತಡೆಯೋಕೂ ದಾರಿ ಇರುತ್ತೆ. ರಾತ್ರಿ ಹೊತ್ತು ಗಾಬರಿ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ. ಮತ್ತೆ ಮುಖ್ಯವಾಗಿ, ಆವತ್ತು ನಿಂಗೆ ಏನಾಗ್ತಿತ್ತು ಅಂತ ಒಂದ್ಸಲ ಕೇಳಿ, ಮಧ್ಯ ಬಾಯಿ ಹಾಕಬೇಡಿ.

ಮೂರನೇ ಭೇಟಿಯಲ್ಲಿ ನನ್ನೆದುರೇ ಕೇಳಿದ್ರು. ಹೆಂಡ್ತಿ ಹೇಳಿದ್ರು, "ಐದು ರಾತ್ರಿ ನಿದ್ದೆ ಇರ್ಲಿಲ್ಲ ರೀ. ಹಂಡೆಗೆ ನೀರು ಬಿಟ್ರೆ ಆ ಸದ್ದಲ್ಲಿ ಯಾರೋ ನನ್ನ ಹೆಸರು ಕರೀತಿದ್ರು. ಮಗೂನ ಎತ್ಕೊಂಡ್ ಹೋಗ್ತಾರೆ ಅಂತ ಸೆರಗಿಗೆ ಕಟ್ಕೊಂಡು ಕೂತಿದ್ದೆ. ಇಷ್ಟು ದಿನ ಯಾರೂ ಕೇಳಲೇ ಇಲ್ಲ."

ಲಕ್ಷಣಗಳ ಪಟ್ಟಿಯಲ್ಲಿ ಅವರೇ ಮೊದಲು ಬರ್ದಿದ್ದು: ಎರಡು ರಾತ್ರಿ ನಿದ್ದೆ ಬರದೇ ಇದ್ರೆ. ಎರಡನೇದು: ನೀರಿನ ಸದ್ದು.