ಸೂರ್ಯ ಎರಡಾದರೆ ನೆರಳೂ ಎರಡು

ಪ್ರಿಯ ಓದುಗರೇ,

ನಿಮ್ಮ ಪತ್ರ, ಜೊತೆಗಿದ್ದ ಚಿತ್ರ ಎರಡೂ ತಲುಪಿದವು. 3ಡಿ ಚಿತ್ರ ರಚಿಸುವ ತಂತ್ರಾಂಶ ಬ್ಲೆಂಡರ್‌ನಲ್ಲಿ ನಿಮ್ಮದೇ ಒಂದು ಲೋಕ ಕಟ್ಟಿದ್ದೀರಿ. ಆಕಾಶದಲ್ಲಿ ಎರಡು ಸೂರ್ಯ, ಉಂಗುರ ತೊಟ್ಟ ಭಾರೀ ಗ್ರಹ, ಕೆಳಗೆ ಗುಡ್ಡಗಳ ನಡುವೆ ಗೋಪುರಗಳ ಊರು. "ನೋಡಿದವರೆಲ್ಲ ಆಟಿಕೆ ಥರ ಇದೆ ಅಂತಾರೆ. ಇನ್ನೂ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕಾ? ಟೆಕ್ಸ್ಚರ್ (ಮೇಲ್ಮೈಯ ಬಣ್ಣ, ಒರಟುತನ) ಸಾಲದಾ?" ಎಂದು ಕೇಳಿದ್ದೀರಿ.

ಎರಡೂ ಬೇಡ. ಗೋಪುರಗಳ ಮಾಡೆಲ್ ಚೆನ್ನಾಗಿದೆ. ಕಿಟಕಿಗಳಿಗೆ ನೀವು ಪಟ್ಟ ಶ್ರಮ ಎದ್ದು ಕಾಣುತ್ತದೆ. ಕೊರತೆ ಇರುವುದು ಬೆಳಕಿನಲ್ಲಿ ಮತ್ತು ಗಾಳಿಯಲ್ಲಿ.

ಮೊದಲು ಬೆಳಕು. ಸೂರ್ಯ ಎರಡಿದ್ದರೂ ಪ್ರತಿ ಗೋಪುರಕ್ಕೂ ಒಂದೇ ನೆರಳು ಬಿದ್ದಿದೆ, ಅದೂ ಕಡುಕಪ್ಪು. ಎರಡು ಸೂರ್ಯರ ಸುತ್ತ ತಿರುಗುವ ಗ್ರಹ ಬರೀ ಕಲ್ಪನೆಯಲ್ಲ. 2011ರಲ್ಲಿ ಪ್ರಕಟವಾದ ಕೆಪ್ಲರ್-16ಬಿ ಎಂಬ ಗ್ರಹ ಅಂಥದ್ದೇ. ಅದರ ಒಂದು ಸೂರ್ಯ ಕಿತ್ತಳೆ ಬಣ್ಣದ್ದು, ಇನ್ನೊಂದು ಚಿಕ್ಕದು, ಮಂದ ಕೆಂಪಿನದು. ಅಂಥ ಬೆಳಕಿನಲ್ಲಿ ಒಂದು ಕಂಬ ನಿಲ್ಲಿಸಿದರೆ ಏನಾಗುತ್ತದೆ? ಕಿತ್ತಳೆ ಬೆಳಕಿಗೆ ಕಂಬ ಅಡ್ಡವಾದ ಕಡೆ ನೆರಳು ಬೀಳುತ್ತದೆ. ಆದರೆ ಅಲ್ಲಿಗೆ ಕೆಂಪು ಸೂರ್ಯನ ಬೆಳಕು ಬರುತ್ತಲೇ ಇರುತ್ತದಲ್ಲ, ಹಾಗಾಗಿ ಆ ನೆರಳು ಕೆಂಪಗಿರುತ್ತದೆ. ಇನ್ನೊಂದು ನೆರಳು ತೀರಾ ತೆಳು. ಇಷ್ಟು ಮಾಡಿದರೆ ಸೂರ್ಯರನ್ನು ಚಿತ್ರದಲ್ಲಿ ತೋರಿಸಲೇಬೇಕೆಂದಿಲ್ಲ. ನೆಲ ನೋಡಿದರೆ ಸಾಕು, ಗೊತ್ತಾಗುತ್ತದೆ.

ಆ ಉಂಗುರದ ಗ್ರಹ ನನಗೆ ತುಂಬಾ ಇಷ್ಟವಾಯಿತು. ಆದರೆ ಸೂರ್ಯರು ಬಲಕ್ಕಿದ್ದಾರೆ, ಗ್ರಹದ ಎಡಭಾಗ ಹೊಳೆಯುತ್ತಿದೆ. ಅದರ ಕತ್ತಲ ಭಾಗವನ್ನು ಹಗಲಿನ ಆಕಾಶದಲ್ಲಿ ಕಪ್ಪಗೆ ಬಿಟ್ಟಿದ್ದೀರಿ. ಹಗಲಲ್ಲಿ ಕಾಣುವ ಅರ್ಧಚಂದ್ರನನ್ನು ಒಮ್ಮೆ ಗಮನಿಸಿ. ಬೆಳಕಿಲ್ಲದ ಅರ್ಧ ಆಕಾಶದ ಬಣ್ಣದಲ್ಲೇ ಕರಗಿರುತ್ತದೆ, ಯಾಕೆಂದರೆ ನಡುವಿನ ಗಾಳಿಯೇ ಹೊಳೆಯುತ್ತಿರುತ್ತದೆ. ಇನ್ನು ಗಾತ್ರ. ನಮ್ಮ ಚಂದ್ರ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ. ಗುರುಗ್ರಹದ ಉಪಗ್ರಹ ಅಯೋ ಮೇಲೆ ನಿಂತರೆ ಗುರು 19 ಡಿಗ್ರಿಗೂ ಹೆಚ್ಚು ಅಗಲ ಕಾಣುತ್ತದೆ. ನಿಮ್ಮದು ಅದಕ್ಕಿಂತ ದೊಡ್ಡದು. ಹಾಗಾದರೆ ನಿಮ್ಮ ಊರಿರುವುದು ಆ ದೊಡ್ಡ ಗ್ರಹದ ಉಪಗ್ರಹದ ಮೇಲೆ ಎಂದೇ ಇಟ್ಟುಕೊಳ್ಳಿ. ಅಯೋದಲ್ಲಿ ಗುರು ಕಾಣುವ ಹಾಗೆ, ಆ ಗ್ರಹ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ, ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತದೆ. ಆ ಊರಿನ ಜನ ಅದನ್ನು ನೋಡಿಯೇ ದಿಕ್ಕು ಹೇಳಬಹುದು, ಅದರ ಎದುರಿಗೇ ಬಾಗಿಲು ಇಡಬಹುದು. ನಿಮ್ಮ ಊರಿನ ನಕ್ಷೆ ಇಲ್ಲಿಂದಲೇ ಹುಟ್ಟಬಹುದು, ಅಲ್ವಾ?

ಈಗ ಆಟಿಕೆಯ ಪ್ರಶ್ನೆ. 1971ರಲ್ಲಿ ಅಪೊಲೊ 14ರ ಗಗನಯಾತ್ರಿಗಳಾದ ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ ಚಂದ್ರನ ಮೇಲೆ ಕೋನ್ ಕುಳಿಯ ಅಂಚನ್ನು ಹುಡುಕುತ್ತಾ ನಡೆದರು. ಸಿಗಲಿಲ್ಲ, ವಾಪಸಾದರು. ಅಂಚಿನ ತೀರಾ ಹತ್ತಿರಕ್ಕೇ ಹೋಗಿದ್ದರು ಎಂದು ಆಮೇಲೆ ತಿಳಿಯಿತು. ಅಲ್ಲಿ ಗಾಳಿಯಿಲ್ಲ. ದೂರದ ಬಂಡೆಯೂ ಹತ್ತಿರದ್ದರಷ್ಟೇ ಚೊಕ್ಕವಾಗಿ ಕಾಣುತ್ತದೆ. ಅಳತೆಗೆ ಮರವಿಲ್ಲ, ಮನೆಯಿಲ್ಲ. ನಿಮ್ಮ ಚಿತ್ರದಲ್ಲೂ ಕೊನೆಯ ಗುಡ್ಡ ಮೊದಲನೆಯದರಷ್ಟೇ ಸ್ಪಷ್ಟ. ಹಾಗಾಗಿ ಎಲ್ಲವೂ ಹತ್ತಿರದಲ್ಲಿದೆ ಎಂದು ಕಣ್ಣು ನಂಬುತ್ತದೆ. ಹತ್ತಿರವಿದ್ದೂ ಇಷ್ಟೇ ಕಾಣುವ ಗುಡ್ಡ ಚಿಕ್ಕದೇ ಇರಬೇಕಲ್ಲ!

ಗಾಳಿಯಲ್ಲಿ ಬೆಳಕು ಚದುರುವಂತೆ ಮಾಡುವ ಬ್ಲೆಂಡರ್ ಸೌಲಭ್ಯ ವಾಲ್ಯೂಮ್ ಸ್ಕ್ಯಾಟರ್ ಬಳಸಿ ತೆಳುವಾದ ಮಬ್ಬು ಸೇರಿಸಿ. ಅದಕ್ಕೂ ಮುಂಚೆ ಎಲ್ಲವನ್ನೂ ಮೀಟರ್ ಲೆಕ್ಕದಲ್ಲಿ ಸರಿಯಾದ ಅಳತೆಗೆ ತನ್ನಿ, ಇಲ್ಲದಿದ್ದರೆ ಮಬ್ಬು ಒಂದೋ ಕಾಣುವುದೇ ಇಲ್ಲ, ಇಲ್ಲವೇ ಊರನ್ನೇ ನುಂಗುತ್ತದೆ. ಬಣ್ಣ ನಿಮ್ಮಿಷ್ಟ, ಆದರೆ ಕಾರಣ ಇರಲಿ. ಮಂಗಳನಲ್ಲಿ ನುಣ್ಣನೆಯ ಧೂಳಿನಿಂದ ಹಗಲಿನ ಆಕಾಶ ಕಂದು ಹಳದಿ. ಸಂಜೆ ಮುಳುಗುವ ಸೂರ್ಯನ ಸುತ್ತ ಮಾತ್ರ ನೀಲಿ. ಶನಿಯ ಉಪಗ್ರಹ ಟೈಟನ್‌ನಲ್ಲಿ ಎಲ್ಲವೂ ಕಿತ್ತಳೆ ಮಬ್ಬು. 2005ರಲ್ಲಿ ಹೈಗೆನ್ಸ್ ನೌಕೆ ಅಲ್ಲಿಳಿದು ಕಳಿಸಿದ ಚಿತ್ರದಲ್ಲಿ ಕೆಲವು ದುಂಡುಗಲ್ಲುಗಳಷ್ಟೇ ಇವೆ. ಆದರೂ ಅದು ಬೇರೆ ಲೋಕ ಎಂದು ತಕ್ಷಣ ಅನ್ನಿಸುತ್ತದೆ.

ಗುಡ್ಡಗಳ ಬಗ್ಗೆ ಒಂದೇ ಮಾತು. ಕಂಪ್ಯೂಟರ್ ಹುಟ್ಟಿಸುವ ಅಡ್ಡಾದಿಡ್ಡಿ ಏರಿಳಿತದಿಂದ, ಅಂದರೆ ಬರೀ ನಾಯ್ಸ್‌ನಿಂದ ಎಬ್ಬಿಸಿದ್ದೀರಿ, ಅದಕ್ಕೆ ನೀರು ಹರಿಯುವುದು ಗೊತ್ತಿಲ್ಲ. ನಿಮ್ಮ ಲೋಕದಲ್ಲಿ ಮಳೆಯಿದ್ದರೆ ಕೊರಕಲುಗಳೂ ಕಣಿವೆಗಳೂ ಬೇಕು.

ಸದ್ಯಕ್ಕೆ ಊರನ್ನು ಪಕ್ಕಕ್ಕಿಡಿ. ಗುಡ್ಡ, ಮಬ್ಬು, ಎರಡು ಸೂರ್ಯ, ಅಳತೆಗೊಬ್ಬ ಮನುಷ್ಯ, ಇಷ್ಟೇ ಇಟ್ಟು ಒಂದು ರೆಂಡರ್ ಮಾಡಿ, ಅಂದರೆ ಅಂತಿಮ ಚಿತ್ರ ತೆಗೆದು, ಕಳಿಸಿ. ಗೋಪುರ ಎಲ್ಲಿ ನಿಲ್ಲಿಸೋಣ ಎಂದು ಆಮೇಲೆ ನೋಡೋಣ.

ಸಂಪಾದಕ