ಅಮ್ಮ ಹುಟ್ಟಿದ್ದು ಹಳ್ಳಿಯ ಮನೆಯಲ್ಲಿ, ಜನನ ದಾಖಲೆ ಎಲ್ಲಿ ಹುಡುಕಬೇಕು?

ನಿಮ್ಮ ಪ್ರಶ್ನೆ ಓದಿದೆ. ಅಮ್ಮ 1976ರಲ್ಲಿ ಹುಟ್ಟಿದವರು. ತವರು ಸಿದ್ದಾಪುರ ತಾಲೂಕಿನ ಒಳಗಿನ ಒಂದು ಹಳ್ಳಿ. ಆಸ್ಪತ್ರೆಯಲ್ಲಿ ಅಲ್ಲ, ಮನೆಯಲ್ಲೇ ಹೆರಿಗೆ. ಹೊರದೇಶದಲ್ಲಿರುವ ನಿಮ್ಮ ಅಕ್ಕ ಅಮ್ಮನನ್ನು ಕರೆಸಿಕೊಳ್ಳಬೇಕು, ಅದಕ್ಕೆ ಜನನ ಪ್ರಮಾಣಪತ್ರ ಬೇಕು. ಕಚೇರಿಯಲ್ಲಿ ವಿಚಾರಿಸಿದರೆ ‘ಈ ಹೆಸರಿನವರು ರಿಜಿಸ್ಟರಿನಲ್ಲಿ ಇಲ್ಲ’ ಅಂದರು. ಈಗ ವಕೀಲರನ್ನು ಹಿಡಿಯಬೇಕಾ ಎಂದು ಕೇಳಿದ್ದೀರಿ.

ಇನ್ನೂ ಬೇಡ. ಅವರು ಸುಳ್ಳು ಹೇಳಿಲ್ಲ, ಆ ಹೆಸರು ಅಲ್ಲಿ ಇಲ್ಲದೇ ಇರಬಹುದು. ಆದರೆ ಹುಟ್ಟಿದ್ದರ ದಾಖಲೆ ಇರಬಹುದು. ಇವೆರಡೂ ಬೇರೆ ಬೇರೆ ಎಂದು ನನಗೆ ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ನಾನು ಹುಟ್ಟಿದ್ದು 1974ರಲ್ಲಿ. ನಮ್ಮ ಮನೆ ಶಿರಸಿ ತಾಲೂಕಿನಲ್ಲಿ, ದೇವಿಮನೆ ಘಟ್ಟಕ್ಕೆ ಹತ್ತಿರ. ಬಸ್ಸು ಇಳಿದ ಮೇಲೆ ಎರಡು ಹಳ್ಳ ದಾಟಿ ನಡೆಯಬೇಕು. ಮಳೆಗಾಲದಲ್ಲಿ ಸಂಕ, ಅಂದರೆ ಹಳ್ಳದ ಕಾಲುಸೇತುವೆ, ಕೊಚ್ಚಿಹೋದರೆ ಆಚೆಯವರು ಆಚೆ, ಈಚೆಯವರು ಈಚೆ. ಕೆಲವು ವರ್ಷದ ಹಿಂದೆ ನನಗೂ ನಿಮ್ಮ ಅಮ್ಮನ ಹಾಗೆಯೇ ಜನನ ದಾಖಲೆ ಬೇಕಾಯಿತು. ನಮ್ಮ ತಾಲೂಕಿನಲ್ಲಿ ಎರಡು ಸಲ ಅರ್ಜಿ ಕೊಟ್ಟೆ. 1973ರಿಂದ 1975ರವರೆಗೆ ಹುಡುಕಿಸಿದೆ. ಇಲ್ಲ ಎಂದೇ ಉತ್ತರ ಬಂತು. ಅದೇ ಹೊತ್ತಿಗೆ ಒಬ್ಬ ಏಜೆಂಟ್ ಸಿಕ್ಕಿ ‘ಹದಿನೈದು ದಿನದಲ್ಲಿ ಮಾಡಿಸಿಕೊಡುತ್ತೇನೆ, ದುಡ್ಡು ಮೊದಲು’ ಅಂದ. ಕೊಟ್ಟೆ. ದುಡ್ಡೂ ಹೋಯಿತು, ದಿನವೂ ಹೋಯಿತು.

ದಾರಿ ತೋರಿಸಿದ್ದು ನಮ್ಮ ಅತ್ತೆ, ಅಪ್ಪಯ್ಯನ ಅಕ್ಕ. ಆಗ ಅವರಿಗೆ ಎಂಬತ್ತು ದಾಟಿತ್ತು. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾ ನನ್ನ ಗೋಳು ಕೇಳಿದರು. ಆಮೇಲೆ ಮೆಟಗತ್ತಿಯಿಂದ ಕೈ ತೆಗೆದು, ‘ಅಲ್ದೋ ಮಾಣಿ, ನೀ ಹುಟ್ಟಿದ್ದು ಇಲ್ಲಲ್ಲ, ಅಜ್ಜನಮನೇಲಿ’ ಅಂದರು.

ಅಷ್ಟೇ ವಿಷಯ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುತ್ತದೆ ಎಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ? ಆದರೆ ಅರ್ಜಿ ಬರೆಯುವಾಗ ಹೊಳೆಯಲೇ ಇಲ್ಲ. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ, ಅಪ್ಪನ ಮನೆ ಇರುವ ಊರಿನಲ್ಲಿ ಅಲ್ಲ. ನನ್ನ ಅಜ್ಜನಮನೆ ಘಟ್ಟದ ಕೆಳಗೆ, ಕುಮಟಾ ತಾಲೂಕಿನಲ್ಲಿ. ನಾನು ಘಟ್ಟದ ಮೇಲೆ ಎಷ್ಟು ಹುಡುಕಿಸಿದರೂ ಸಿಗುತ್ತಿರಲಿಲ್ಲ.

ಹಾಗಾಗಿ ಮೊದಲು ಅಜ್ಜಿಯ ತವರು ಯಾವ ಊರು ಎಂದು ಕೇಳಿ. ನಿಮ್ಮ ಅಮ್ಮ ಹಿರಿಯ ಮಗಳಾ? ಹಾಗಿದ್ದರೆ ಅವರು ಹುಟ್ಟಿದ್ದು ಸಿದ್ದಾಪುರದ ಮನೆಯಲ್ಲಿ ಅಲ್ಲದೇ, ಅಜ್ಜಿಯ ತವರಿನಲ್ಲಿ ಇರಬಹುದು. ಅದು ಸಾಗರದ ಕಡೆಯೋ ಸೊರಬದ ಕಡೆಯೋ ಆಗಿದ್ದರೆ ಜಿಲ್ಲೆಯೇ ಬೇರೆ.

ಎರಡನೆಯದು ಹೆಸರು. ಕುಮಟಾದಲ್ಲಿ ಹಳೇ ರಿಜಿಸ್ಟರನ್ನು ನನ್ನ ಎದುರೇ ತೆರೆದರು. ಉದ್ದನೆಯ ಪುಸ್ತಕ. ಅಂಚು ಪುಡಿಯಾಗಿತ್ತು, ನಡುವೆ ಹುಳು ಕೊರೆದ ಸಣ್ಣ ತೂತುಗಳು. ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ತಂದೆಯ ಹೆಸರು, ಊರು, ಮಾಹಿತಿ ಕೊಟ್ಟವರು ಎಂದು ಸಾಲುಸಾಲು ಕಲಂ. ಮಗುವಿನ ಹೆಸರಿನ ಜಾಗ ಪುಟದ ಮೇಲಿಂದ ಕೆಳಗಿನವರೆಗೂ ಬಹುತೇಕ ಖಾಲಿ. ನನ್ನ ಸಾಲಿನಲ್ಲಿ ಇದ್ದದ್ದು ‘ಗಂಡು’ ಎಂಬ ಒಂದೇ ಪದ. ಅಪ್ಪಯ್ಯನದು ಮನೆಯಲ್ಲಿ ಕರೆಯುವ ಹೆಸರು, ಅಡ್ಡಹೆಸರು ಇಲ್ಲವೇ ಇಲ್ಲ. ಮಾಹಿತಿ ಕೊಟ್ಟವರ ಕಲಮಿನಲ್ಲಿ ಅಜ್ಜನ ಹೆಬ್ಬೆಟ್ಟು. ನಾನು ಶಾಲೆಗೆ ಸೇರುವ ಮೊದಲೇ ತೀರಿಕೊಂಡ ಅಜ್ಜ. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇಲ್ಲ. ಆ ನೀಲಿ ಗುರುತಿನ ಮುಂದೆ ನಾನು ತುಂಬಾ ಹೊತ್ತು ಕೂತಿದ್ದೆ. ಪುಸ್ತಕ ತೆಗೆದುಕೊಟ್ಟವರು ಏನೂ ಅನ್ನಲಿಲ್ಲ.

ಹೆಸರಿಡುವ ಮೊದಲೇ ನೋಂದಣಿ ಮಾಡಿಸಬಹುದು, ಹೆಸರನ್ನು ಆಮೇಲೆ ಸೇರಿಸಬಹುದು. ಸೇರಿಸಲು ಈಗ ಹದಿನೈದು ವರ್ಷದವರೆಗೆ ಅವಕಾಶ ಇದೆ. ಆದರೆ ಆ ಕಾಲದಲ್ಲಿ ಹೆಸರು ಸೇರಿಸಲೆಂದು ಮತ್ತೆ ಶಾನಭೋಗರ ಹತ್ತಿರ ಯಾರು ಹೋಗುತ್ತಿದ್ದರು? ಹಾಗಾಗಿ ಹೆಸರು ಹೇಳಿ ಹುಡುಕಿಸಿದರೆ ಸಿಗುವುದು ಕಷ್ಟ. ಅದರಲ್ಲೂ ಹೆಣ್ಣುಮಕ್ಕಳದು ಇನ್ನೂ ಕಷ್ಟ, ಯಾಕೆಂದರೆ ನಮ್ಮ ಕಡೆ ಮದುವೆಯಲ್ಲಿ ಹೆಸರೇ ಬದಲಾಗುತ್ತಿತ್ತು. ನೀವು ಅರ್ಜಿಯಲ್ಲಿ ಬರೆದದ್ದು ಅಮ್ಮನ ಈಗಿನ ಹೆಸರಾ, ತವರಿನ ಹೆಸರಾ? ಒಮ್ಮೆ ನೋಡಿ.

ಇನ್ನೊಂದು ಅರ್ಜಿ ಕೊಡಿ. ಈ ಸಲ ಅಜ್ಜನ ಹೆಸರು ಹಾಕಿ, ಕರೆಯುವ ಹೆಸರೂ ಸೇರಿಸಿ. ನಮ್ಮಲ್ಲಿ ಮಹಾಬಲೇಶ್ವರ ಎಂದರೆ ಮಾಬ್ಲ, ಸುಬ್ರಹ್ಮಣ್ಯ ಎಂದರೆ ಸುಬ್ರಾಯ ಆಗಿರುತ್ತದೆ. ಅಜ್ಜಿಯ ಹೆಸರು, ‘ಹೆಣ್ಣು ಮಗು’ ಎಂಬುದು, ಆಮೇಲೆ ಊರು. ಊರು ಅಂದರೆ ನೀವು ಬಾಯಲ್ಲಿ ಹೇಳುವ ಮಜರೆಯ (ಊರಿನೊಳಗಿನ ಸಣ್ಣ ಕೇರಿಯ) ಹೆಸರಲ್ಲ, ಕಂದಾಯ ಗ್ರಾಮದ ಹೆಸರು. ಅಜ್ಜನ ಜಮೀನಿನ ಪಹಣಿ ತೆಗೆದು ನೋಡಿದರೆ ಸಿಗುತ್ತದೆ. ವರ್ಷ 1976 ಎಂದು ಒಂದನ್ನೇ ಬರೆಯಬೇಡಿ. 1975ರಿಂದ 1978ರವರೆಗೆ ಕೇಳಿ. ಪ್ರತಿ ವರ್ಷದ ಹುಡುಕಾಟಕ್ಕೂ ಸಣ್ಣ ಶುಲ್ಕ ಇದೆ, ಅದನ್ನು ಕಟ್ಟಿದರಾಯಿತು. ಜನನ ಮರಣ ನೋಂದಣಿಯ ಇ-ಜನ್ಮ ತಂತ್ರಾಂಶದಲ್ಲಿ ಕಾಣದಿದ್ದರೆ ‘ಇಲ್ಲ’ ಎಂದು ಬರೆದುಕೊಂಡು ಬರಬೇಡಿ. ಅಷ್ಟು ಹಳೆಯದನ್ನು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನ ಪುಸ್ತಕದಲ್ಲೇ ನೋಡಿಸಬೇಕು. ಜೊಯಿಡಾ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ತಾಲೂಕು ಹಳೇ ಕಾಗದಗಳಲ್ಲಿ ಸೂಪಾ ಎಂದಿರುತ್ತದೆ ಅನ್ನುವುದು ನೆನಪಿರಲಿ.

ವರ್ಷ ಜಾಸ್ತಿ ಯಾಕೆ ಕೇಳಬೇಕು ಅಂದರೆ, ನನ್ನ ಒಬ್ಬನದೇ ಮೂರು ಹುಟ್ಟಿದ ದಿನ ಸಿಕ್ಕವು. ಶಾಲೆಯ ದಾಖಲೆಯಲ್ಲಿ ಜೂನ್ 1. ನಮ್ಮ ಕಾಲದಲ್ಲಿ ಮಾಸ್ತರರು ಅರ್ಧ ತರಗತಿಗೆ ಅದೇ ತಾರೀಖು ಬರೆಯುತ್ತಿದ್ದರು. ಜಾತಕದಲ್ಲಿ ಆನಂದ ಸಂವತ್ಸರದ ಶ್ರಾವಣ, ನಾಗರ ಪಂಚಮಿಯ ಮರುದಿನ, ಅಂದರೆ ಜುಲೈ ಕೊನೆಯ ವಾರ. ರಿಜಿಸ್ಟರಿನಲ್ಲಿ ಆಗಸ್ಟ್ ಕೊನೆ. ಆ ಮಳೆಯಲ್ಲಿ ಅಜ್ಜ ಹಳ್ಳ ದಾಟಿ ಹೋಗಿ ಹೇಳುವಷ್ಟರಲ್ಲಿ ತಿಂಗಳಾಗಿರಬೇಕು. ತಡವಾಯಿತು ಎಂದು ದಂಡ ಬೀಳದಿರಲಿ ಅಂತ ದಿನವನ್ನೇ ಮುಂದೆ ಹಾಕಿ ಹೇಳಿರಬೇಕು. ಇದು ನನ್ನ ಊಹೆ. ಆದರೆ ಅತ್ತೆಯೂ ಹಾಗೇ ಅಂದರು.

ಹಾಗಾಗಿ ಮನೆಯ ಹಿರಿಯರ ಹತ್ತಿರ ಕೂತು ಮಾತಾಡಿ. ‘ಯಾವ ತಾರೀಖು’ ಎಂದು ಕೇಳಿದರೆ ಅವರಿಗೆ ನೆನಪಾಗಲ್ಲ. ‘ಶಿರಸಿ ಜಾತ್ರೆ ಆದ ವರ್ಷವಾ, ಜಾತ್ರೆ ಇಲ್ಲದ ವರ್ಷವಾ’ ಎಂದು ಕೇಳಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೊಂದು ಒಳ್ಳೆಯ ಗುರುತು. ಗದ್ದೆ ನಾಟಿಯ ಹೊತ್ತಾ, ಅಡಿಕೆ ಕೊನೆ ಕೊಯ್ಲಿನ ಹೊತ್ತಾ, ಯಾರ ಮದುವೆಯ ಮುಂಚೆ, ಹೀಗೆ ಕೇಳುತ್ತಾ ಹೋದರೆ ತಿಂಗಳು ತಾನೇ ಸಿಗುತ್ತದೆ. ಜಾತಕ ಇದ್ದರೆ ಇನ್ನೂ ಸುಲಭ. 1976ರ ಯುಗಾದಿಯಿಂದ ಮುಂದೆ ನಳ ಸಂವತ್ಸರ, ಅದಕ್ಕೂ ಮೊದಲಿನದು ರಾಕ್ಷಸ.

ನನಗೆ ಕೊನೆಗೆ ಸಿಕ್ಕಿದ್ದು ಹೆಸರಿಲ್ಲದ ದೃಢೀಕೃತ ಪ್ರತಿ. ಅದರ ಜೊತೆ ಶಾಲೆಯ ದಾಖಲೆ ಇಟ್ಟೆ. ಈ ಎರಡರಲ್ಲೂ ಇರುವವನು ನಾನೇ, ತಾರೀಖು ಯಾಕೆ ಬೇರೆ ಆಗಿದೆ ಎಂದು ಒಂದು ಅಫಿಡವಿಟ್ ಮಾಡಿಸಿದೆ. ನನ್ನ ಕೆಲಸಕ್ಕೆ ಅದು ಸಾಕಾಯಿತು. ನಿಮ್ಮ ಅಕ್ಕ ಇರುವ ದೇಶದವರು ಏನು ಒಪ್ಪುತ್ತಾರೆ ಎಂದು ಅವರಿಂದ ಮೊದಲೇ ಬರಹದಲ್ಲಿ ಕೇಳಿಸಿಕೊಳ್ಳಿ. ಅಮ್ಮನ ಪಾಸ್‌ಪೋರ್ಟಿನಲ್ಲಿ ಯಾವ ತಾರೀಖಿದೆ ಎನ್ನುವುದನ್ನೂ ನೋಡಿಟ್ಟುಕೊಳ್ಳಿ. ಪಾಸ್‌ಪೋರ್ಟೇ ಇನ್ನೂ ಆಗಿಲ್ಲ ಅಂದರೆ ಅದಕ್ಕಾಗಿ ಜನನ ಪ್ರಮಾಣಪತ್ರದ ಹಿಂದೆ ಓಡಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಮಾತ್ರ ಅದು ಕಡ್ಡಾಯ. ಹಳಬರಿಗೆ ಶಾಲೆಯ ಟಿ.ಸಿ., ಪಾನ್ ಕಾರ್ಡ್ ಮುಂತಾದವು ನಡೆಯುತ್ತವೆ.

ಎಲ್ಲ ಕಡೆ ಹುಡುಕಿಸಿಯೂ ಸಿಗಲಿಲ್ಲ ಅನ್ನಿ. ಆಗ ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಕೇಳಿ, ನಮೂನೆ 10. ಬಾಯಿಮಾತಿನಲ್ಲಿ ‘ಇಲ್ಲ’ ಅಂದರೆ ಅದಕ್ಕೆ ಬೆಲೆ ಇಲ್ಲ. ಈ ಕಾಗದ ಕೈಯಲ್ಲಿದ್ದರೆ ಮಾತ್ರ ಮುಂದಿನ ದಾರಿ. ಜನನ ಮರಣ ನೋಂದಣಿ ಕಾಯ್ದೆ 1969ರದು, ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ನಿಮ್ಮ ಅಮ್ಮ ಅದರ ನಂತರ ಹುಟ್ಟಿದವರು, ಆದ್ದರಿಂದ ತಡವಾಗಿಯಾದರೂ ನೋಂದಣಿ ಮಾಡಿಸಬಹುದು. ಒಂದು ವರ್ಷ ದಾಟಿದ ಜನನಕ್ಕೆ ಮೊದಲೆಲ್ಲ ಕೋರ್ಟಿನಿಂದ, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಂದ ಆದೇಶ ಬೇಕಿತ್ತು. 2023ರ ತಿದ್ದುಪಡಿಯಾದ ಮೇಲೆ ಕಾಯ್ದೆಯಲ್ಲಿ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಕಡೆಗೆ ಬಂದಿದೆ. ಸಿದ್ದಾಪುರದವರಿಗೆ ಅಂದರೆ ಶಿರಸಿಯ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿ. ವಕೀಲರ ಸಹಾಯ ಬೇಕಿದ್ದರೆ ಈ ಹಂತದಲ್ಲಿ ತೆಗೆದುಕೊಳ್ಳಿ.

ಅಲ್ಲಿಗೆ ಹೋಗುವಾಗ ಅಮ್ಮ ಓದಿದ ಕನ್ನಡ ಶಾಲೆಯ ದಾಖಲಾತಿ ರಿಜಿಸ್ಟರಿನ ಪ್ರತಿ ಒಯ್ಯಿರಿ. ಮಕ್ಕಳಿಲ್ಲದೆ ಶಾಲೆ ಮುಚ್ಚಿಹೋಗಿದ್ದರೆ ಸಿದ್ದಾಪುರದ ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ, ಪುಸ್ತಕ ಯಾವ ಶಾಲೆಗೆ ಹೋಗಿದೆ ಎಂದು ಹೇಳುತ್ತಾರೆ. ಹೆರಿಗೆ ಕಂಡ ಹಿರಿಯರು, ದೊಡ್ಡಮ್ಮನೋ ಸೋದರಮಾವನೋ, ಇದ್ದರೆ ಅವರ ಅಫಿಡವಿಟ್ ಈಗಲೇ ಮಾಡಿಸಿಟ್ಟುಕೊಳ್ಳಿ. ಇದನ್ನು ಮಾತ್ರ ಮುಂದೂಡಬೇಡಿ. ನಮ್ಮ ಅತ್ತೆ ನನ್ನ ಕಾಗದ ಕೈಗೆ ಬಂದ ವರ್ಷವೇ ಹೋದರು.

ಅಜ್ಜಿಯ ತವರಿಗೆ ಹೋಗುವುದಿದ್ದರೆ ಮಳೆ ಹಿಡಿಯುವ ಮೊದಲು ಹೋಗಿ ಬನ್ನಿ. ಅಮ್ಮನನ್ನೂ ಕರೆದುಕೊಂಡು ಹೋಗಿ.