ಕಚೇರಿಯಲ್ಲಿ ಕೂಸು ಅತ್ತರೆ ಎಲ್ಲಿ ಕೂತು ಹಾಲು ಕುಡಿಸಲಿ?

ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ಮಕ್ಕಳ ತಜ್ಞೆಯ ಉತ್ತರ

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ತಿಂಗಳು. ಎದೆಹಾಲು ಮಾತ್ರ ಕುಡಿಯುತ್ತಾಳೆ. ತವರಿನ ಹೊಲದ ಪಾಲಿನ ಪತ್ರಕ್ಕೆ ಸಹಿ ಮಾಡಲು ನೋಂದಣಿ ಕಚೇರಿಗೆ ಹೋಗಿದ್ದೆ. ಸರ್ವರ್ ಇಲ್ಲ ಎಂದು ಬಹಳ ಹೊತ್ತು ಕೂರಿಸಿದರು. ಹಾಲು ಕುಡಿಸಲು ಮರೆಯ ಜಾಗ ಇರಲಿಲ್ಲ. ಹೊರಗೆ ನಿಂತಿದ್ದ ಜೀಪಿನ ಹಿಂದೆ ಕೂತು ಕುಡಿಸಿದೆ, ಜನ ನೋಡುತ್ತಿದ್ದರು. ಕೆಲಸವೂ ಆಗಲಿಲ್ಲ. ಮೇ ತಿಂಗಳಲ್ಲಿ ಮತ್ತೆ ಹೋಗಬೇಕು. ‘ಬಿಸಿಲಾಗ ಕೂಸಿನ ಗಂಟಲು ಒಣಗ್ತದ, ನಾಕು ಚಮಚ ನೀರು ಹಾಕು’ ಅಂತಾರೆ ಅತ್ತೆ. ಏನು ಮಾಡಲಿ?
– ಯಾದಗಿರಿ ಜಿಲ್ಲೆಯ ಓದುಗರು

ಉತ್ತರ: ನೀರಿನ ಮಾತು ಮೊದಲು. ಆರು ತಿಂಗಳು ತುಂಬುವವರೆಗೆ ನೀರು ಬೇಡ. ನಮ್ಮ ಭಾಗದ ಬಿಸಿಲಿಗೂ ಇದೇ ಮಾತು. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇರುತ್ತದೆ. ನೀರು ಕುಡಿಸಿದರೆ ಪುಟ್ಟ ಹೊಟ್ಟೆ ಅದರಿಂದಲೇ ತುಂಬುತ್ತದೆ, ಹಾಲು ಕಡಿಮೆಯಾಗುತ್ತದೆ. ಜೊತೆಗೆ ಭೇದಿಯ ಭಯ. ಅತ್ತೆಯವರ ಕಾಳಜಿ ನಿಜವಾದದ್ದೇ. ಬಿಸಿಲಿಗೆ ಕೂಸಿಗೆ ಜಾಸ್ತಿ ಬಾಯಾರಿಕೆ ಆಗುತ್ತದೆ. ಅದಕ್ಕೆ ಮದ್ದು ಮೇಲಿಂದ ಮೇಲೆ ಎದೆಗೆ ಹಾಕಿಕೊಳ್ಳುವುದು. ನೀರು, ಮಜ್ಜಿಗೆ ನೀವು ಕುಡಿಯಿರಿ. ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಉಚ್ಚೆ ಕಡಿಮೆಯಾದರೆ, ಬಾಯಿ ಒಣಗಿದರೆ, ನೆತ್ತಿ ಗುಳಿಬಿದ್ದರೆ ಅಥವಾ ಕೂಸು ಮಂಕಾದರೆ ತಕ್ಷಣ ಆಸ್ಪತ್ರೆಗೆ ಬನ್ನಿ.

ಹಾಲು ಹಿಂಡಿ ಬಾಟಲಿಯಲ್ಲಿ ಒಯ್ಯಲೇ ಎಂದು ಬಹಳ ತಾಯಂದಿರು ಕೇಳುತ್ತಾರೆ. ಹಿಂಡಿದ ಹಾಲು ಹೊರಗೆ ನಾಲ್ಕು ತಾಸು ಇರುತ್ತದೆ ಎನ್ನುವ ಲೆಕ್ಕ 25 ಡಿಗ್ರಿಯ ಕೋಣೆಗೆ. ಮೇ ತಿಂಗಳಲ್ಲಿ ನಮ್ಮಲ್ಲಿ 40 ದಾಟುತ್ತದೆ, ಅಲ್ವಾ? ಐಸ್ ಪ್ಯಾಕ್ ಇರುವ ಡಬ್ಬಿ ಇಲ್ಲದಿದ್ದರೆ ಆ ದಾರಿ ಬೇಡ. ನೇರವಾಗಿ ಕುಡಿಸುವುದೇ ಸುರಕ್ಷಿತ.

ಹಾಗಾದರೆ ಜಾಗ? ಕೇಳಿ. ಧೈರ್ಯವಾಗಿ ಕೇಳಿ. ಕಚೇರಿಗೆ ಹೋದ ಕೂಡಲೇ, ಕೂಸು ಅಳುವ ಮೊದಲೇ, ಅಲ್ಲಿನ ಮಹಿಳಾ ಸಿಬ್ಬಂದಿಯ ಹತ್ತಿರ ಹೋಗಿ ‘ಅಕ್ಕಾರೆ, ಕೂಸಿಗಿ ಹಾಲು ಕುಡಿಸಬೇಕ್ರಿ, ಹದಿನೈದು ನಿಮಿಷ ಒಂದು ಖೋಲಿ ಕೊಡ್ರಿ’ ಎನ್ನಿ. ಕಡತ ಇಡುವ ಖೋಲಿ, ಸಿಬ್ಬಂದಿ ಊಟ ಮಾಡುವ ಖೋಲಿ, ಯಾವುದಾದರೂ ಒಂದು ಇದ್ದೇ ಇರುತ್ತದೆ. ಸಿಗದಿದ್ದರೆ ಹತ್ತಿರದ ಅಂಗನವಾಡಿ ಅಥವಾ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೇಳಿ ನೋಡಿ. ಶೌಚಾಲಯಕ್ಕೆ ಮಾತ್ರ ಕಳಿಸಿದರೆ ಹೋಗಬೇಡಿ. ಅಲ್ಲಿ ಯಾರೂ ಊಟ ಮಾಡುವುದಿಲ್ಲ, ನಿಮ್ಮ ಮಗಳೂ ಮಾಡಬೇಕಾಗಿಲ್ಲ.

ಇದು ಉಪಕಾರ ಬೇಡುವುದಲ್ಲ, ತಂಗಿ. ಎದೆಹಾಲುಣಿಸುವುದು ತಾಯಿಯ ಹಕ್ಕು, ಸಂವಿಧಾನದ 21ನೇ ವಿಧಿಯ (ಬದುಕುವ ಹಕ್ಕಿನ) ರಕ್ಷಣೆ ಅದಕ್ಕಿದೆ ಎಂದು ನಮ್ಮ ಹೈಕೋರ್ಟ್ 2021ರಲ್ಲಿ ಹೇಳಿದೆ. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮಾತಾಡಿತು. ಈಗಿರುವ ಸಾರ್ವಜನಿಕ ಕಟ್ಟಡಗಳಲ್ಲಿ ಆದಷ್ಟು ಮಟ್ಟಿಗೆ ಹಾಲೂಡಿಸುವ ಕೋಣೆ ಆಗಬೇಕು, ಹೊಸ ಕಟ್ಟಡಕ್ಕೆ ನಕ್ಷೆ ಹಾಕುವಾಗಲೇ ಜಾಗ ಬಿಡಬೇಕು ಎಂದಿತು. ನಾಲ್ಕು ಜನರ ನಡುವೆ ಹಾಲು ಕುಡಿಸುವ ತಾಯಿಯನ್ನು ಕೀಳಾಗಿ ಕಾಣಬಾರದು ಎಂದೂ ಹೇಳಿತು. ಜೀಪಿನ ಹಿಂದೆ ನೀವು ಕೂರಬೇಕಾಗಿ ಬಂದದ್ದು ಕಚೇರಿಯ ಕೊರತೆ. ನಾಚಿಕೆ ನಿಮ್ಮದಲ್ಲ.

ಒಂದು ಗುಟ್ಟು ಹೇಳುತ್ತೇನೆ. ಅಳು ಹಸಿವಿನ ಕೊನೆಯ ಸೂಚನೆ. ಅದಕ್ಕೂ ಮೊದಲು ಕೂಸು ತುಟಿ ಚಪ್ಪರಿಸುತ್ತದೆ, ಮುಷ್ಟಿ ಬಾಯಿಗೆ ಒಯ್ಯುತ್ತದೆ, ಎದೆಯ ಕಡೆ ತಲೆ ಹೊರಳಿಸುತ್ತದೆ. ಆಗಲೇ ಕುಡಿಸಿದರೆ ಸಮಾಧಾನವಾಗಿ ಕುಡಿಯುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಮೇಲೆ ಹೊದಿಸಲು ತೆಳು ಕಾಟನ್ ಓಢಣಿ ಸಾಕು, ಕೂಸಿನ ಮುಖಕ್ಕೆ ಗಾಳಿ ಆಡುತ್ತಿರಲಿ. ಬಟ್ಟೆ ಬದಲಿಸಲು ಒಂದು ಪ್ಲಾಸ್ಟಿಕ್ ಹಾಳೆ, ಒದ್ದೆ ಬಟ್ಟೆಗೆ ಒಂದು ಚೀಲ ಇಟ್ಟುಕೊಳ್ಳಿ.

ಇನ್ನು ಸಮಯ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನೋಂದಣಿಗೆ ಕಾವೇರಿ 2.0 ತಂತ್ರಾಂಶದಲ್ಲಿ ಮೊದಲೇ ಸಮಯ ಗೊತ್ತುಮಾಡಬಹುದು. ಪತ್ರ ಬರೆಯುವವರಿಗೆ ಹೇಳಿ ಬೆಳಗಿನ ಮೊದಲ ಸರದಿ ಹಿಡಿಸಿ. ಫೋಟೊ, ಹೆಬ್ಬೆಟ್ಟಿಗೆ ನೀವೇ ಬೇಕು, ನಿಜ. ಆದರೆ ಸರದಿಯಲ್ಲಿ ನಿಲ್ಲಲು ಯಜಮಾನರೋ ತಮ್ಮನೋ ಸಾಕು. ಹೊರಡುವ ಮುನ್ನ ಫೋನ್ ಮಾಡಿ ಸರ್ವರ್ ನಡೆಯುತ್ತಿದೆಯೇ ಕೇಳಲಿ.

ಕೆಲಸ ಮುಗಿದ ಮೇಲೆ ಒಂದು ಅರ್ಜಿ ಬರೆಯಿರಿ. ಉಪನೋಂದಣಾಧಿಕಾರಿಗೆ ಒಂದು, ಜಿಲ್ಲಾಧಿಕಾರಿಗೆ ಅದರ ಪ್ರತಿ. ಒಂದು ಪರದೆ, ಒಂದು ಕುರ್ಚಿ, ಒಂದು ಫ್ಯಾನು, ಒಳಗಿನಿಂದ ಹಾಕುವ ಚಿಲಕ. ಇಷ್ಟೇ ಕೇಳಿ, ಸ್ವೀಕೃತಿ ಪಡೆಯಿರಿ. ಊರಿನ ಮಹಿಳಾ ಸಂಘದವರೂ ಸಹಿ ಹಾಕಲಿ. ಇಷ್ಟಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ.

ಪ್ರಶ್ನೆ: ಎರಡು ತಿಂಗಳ ಮಗನಿಗೆ ಆಧಾರ್ ಮಾಡಿಸಬೇಕು. ಕೂಸನ್ನು ಒಯ್ಯಲೇಬೇಕೇ? ಬೆರಳಚ್ಚಿಗೆ ಬಹಳ ಹೊತ್ತು ಹಿಡಿಯುತ್ತದೆಯೇ?
– ಬೀದರಿನ ಓದುಗರು

ಉತ್ತರ: ಐದು ವರ್ಷದೊಳಗಿನ ಮಕ್ಕಳ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುವುದಿಲ್ಲ. ಫೋಟೊ ಮಾತ್ರ. ಅದಕ್ಕಾಗಿ ಕೂಸು ಅಲ್ಲಿರಬೇಕು. ಉಳಿದದ್ದು ತಂದೆ ಅಥವಾ ತಾಯಿಯ ಆಧಾರ್ ಮತ್ತು ಕೂಸಿನ ಜನನ ಪ್ರಮಾಣಪತ್ರದ ಮೇಲೆ ನಡೆಯುತ್ತದೆ. ಯಜಮಾನರು ಮೊದಲೇ ಹೋಗಿ ಟೋಕನ್ ಪಡೆಯಲಿ. ಸರದಿ ಹತ್ತಿರ ಬಂದಾಗ ನೀವು ಹಾಲು ಕುಡಿಸಿಕೊಂಡೇ ಹೊರಡಿ. ಅವಸರದ ಕೆಲಸ ಇಲ್ಲದಿದ್ದರೆ ಬೇಸಿಗೆ ಕಳೆದ ಮೇಲೂ ಮಾಡಿಸಬಹುದು.